ಕಾರಿಗೆ ರೆಕ್ಕೆ ಬಂದ ಕಾಲ

ನಾನು ಬೇರಿಕೆಯವನು. ಹುಡುಗನಾಗಿದ್ದಾಗ ನಮ್ಮೂರಿಗೆ ಆಗಾಗ ಒಂದು ಫಿಯೆಟ್ ಟ್ಯಾಕ್ಸಿ ಬರುತ್ತಿತ್ತು. ಅದರ ಹಿಂಭಾಗದ ಎರಡೂ ಮೂಲೆಗಳಲ್ಲಿ ತಗಡು ಸ್ವಲ್ಪ ಮೇಲಕ್ಕೆದ್ದು ನಿಂತಿತ್ತು. ಮಕ್ಕಳೆಲ್ಲ ಅದನ್ನು ‘ರೆಕ್ಕೆ ಕಾರು’ ಎನ್ನುತ್ತಿದ್ದೆವು. “ಕಾರಿಗೆ ರೆಕ್ಕೆ ಯಾಕೆ ತಾತಾ?” ಎಂದು ಕೇಳಿದೆ. “ಎತ್ತಿನ ಕೊಂಬಿಗೆ ಬಣ್ಣ ಯಾಕೆ ಬಳೀತೀವಿ? ಅದಕ್ಕೇ ಇದೂನು” ಎಂದರು ತಾತ.

ಆ ರೆಕ್ಕೆ ಹುಟ್ಟಿದ್ದು ಅಮೆರಿಕದಲ್ಲಿ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಜನರಲ್ ಮೋಟಾರ್ಸ್ ಕಂಪನಿಯ ಹಾರ್ಲಿ ಅರ್ಲ್ ಮತ್ತು ಅವರ ಸಂಗಡಿಗರು ಲಾಕ್‌ಹೀಡ್ ಪಿ-38 ಎಂಬ ಎರಡು ಬಾಲದ ಯುದ್ಧವಿಮಾನವನ್ನು ಕಂಡು ಮಾರುಹೋದರು. ಆ ಬಾಲದ ಅಂದವನ್ನೇ 1948ರ ಕ್ಯಾಡಿಲಾಕ್ ಕಾರಿಗೆ ಅಂಟಿಸಿದರು. ಪಿ-38 ಜೆಟ್ ಅಲ್ಲ, ಪ್ರೊಪೆಲ್ಲರ್ ವಿಮಾನ. ಆದರೆ ಹಿಂದೆಯೇ ಜೆಟ್ ಯುಗ ಬಂತು; ರೆಕ್ಕೆ ವರ್ಷ ವರ್ಷ ಬೆಳೆಯಿತು. 1959ರ ಕ್ಯಾಡಿಲಾಕ್‌ನಲ್ಲಿ ಅದು ಎಲ್ಲಕ್ಕಿಂತ ಎತ್ತರವಾಗಿತ್ತು.

ಹೆಸರುಗಳೂ ಹಾಗೆಯೇ. 1949ರಲ್ಲಿ ಓಲ್ಡ್ಸ್‌ಮೊಬೈಲ್ ಕಾರಿನ ಪೆಟ್ರೋಲ್ ಎಂಜಿನ್ನಿಗೆ ‘ರಾಕೆಟ್’ ಎಂಬ ಹೆಸರು. 1965ರ ಯುದ್ಧದಲ್ಲಿ ನಮ್ಮ ನ್ಯಾಟ್ ವಿಮಾನಗಳು ಎದುರಿಸಿದ ಸೇಬರ್ ಜೆಟ್ ನಿಮಗೆ ನೆನಪಿರಬಹುದು. ಅದೇ ಸೇಬರ್ ಹೆಸರು 1951ರಲ್ಲಿಯೇ ಒಂದು ಪ್ರದರ್ಶನದ ಕಾರಿಗೆ ಹತ್ತಿತ್ತು.

ನಮ್ಮ ಕಡೆಗೂ ಈ ನಂಟು ಉಂಟು. 1940ರಲ್ಲಿ ಮೈಸೂರು ಸರ್ಕಾರದ ನೆರವಿನಿಂದ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ತೆರೆದ ವಾಲ್‌ಚಂದ್ ಹಿರಾಚಂದರೇ ಮುಂಬಯಿಯ ಪ್ರೀಮಿಯರ್ ಕಂಪನಿಯನ್ನೂ ಕಟ್ಟಿದವರು. ನಮ್ಮೂರಿನ ಫಿಯೆಟ್ ಬಂದದ್ದು ಆ ಕಂಪನಿಯಿಂದಲೇ. ಬೆಂಗಳೂರಿನಲ್ಲಿ 1961ರಲ್ಲಿ ಮೊದಲು ಹಾರಿದ ಜೆಟ್ ಯುದ್ಧವಿಮಾನ ‘ಮಾರುತ’. 1983ರಲ್ಲಿ ಬಂದ ಪುಟ್ಟ ಕಾರು ‘ಮಾರುತಿ’. ಒಂದು ಗಾಳಿ, ಇನ್ನೊಂದು ಗಾಳಿಯ ಮಗ. ಹೊಸೂರಿನಲ್ಲಿ ಕಾರ್ಖಾನೆಯುಳ್ಳ ಟಿ.ವಿ.ಎಸ್. 2018ರಲ್ಲಿ ತಂದ ಎನ್‌ಟಾರ್ಕ್ ಸ್ಕೂಟರಿನ ರೂಪಕ್ಕೂ ಸ್ಟೆಲ್ತ್ ಯುದ್ಧವಿಮಾನವೇ ಸ್ಫೂರ್ತಿಯಂತೆ.

ಇದರಿಂದ ಕೆಡುಕೇನು? ಅಂದಕ್ಕೆ ಅಂದ, ಅಷ್ಟೇ. ವಿಮಾನದ ಬಾಲ ಗಾಳಿಯಲ್ಲಿ ಅದರ ಮೂತಿಯನ್ನು ನೇರವಾಗಿ ಹಿಡಿಯುತ್ತದೆ. ಊರ ರಸ್ತೆಯ ಕಾರಿಗೆ ಅದರಿಂದ ಉಪಯೋಗವಿಲ್ಲ. ಆದರೆ ಅಂದ ನೋಡಿ ಗುಣ ಮರೆತರೆ ಕಷ್ಟ. ಆ ಚೂಪು ರೆಕ್ಕೆಗಳಿಂದ ದಾರಿಹೋಕರಿಗೆ ಆಗುವ ಅಪಾಯವನ್ನು ರಾಲ್ಫ್ ನೇಡರ್ 1965ರಲ್ಲಿ ತಮ್ಮ ಪುಸ್ತಕದಲ್ಲಿ ಬರೆದರು. ಅಷ್ಟರಲ್ಲಿ ಫ್ಯಾಷನ್ನೂ ಇಳಿದಿತ್ತು.

ನನ್ನದೇ ಒಂದು ಹಳೆಯ ಮಾತು ಹೇಳುತ್ತೇನೆ. ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದಾಗ, ಗುಲಾಬಿ ಬೆಳೆಯುವ ರೈತರೊಬ್ಬರ ಮಗ ಬೈಕಿಗೆ ಸಾಲ ಕೇಳಿ ಬಂದ. “ಇದೇ ಗಾಡಿ ಯಾಕಪ್ಪಾ?” ಎಂದೆ. “ಜೆಟ್ ಇದ್ದಂಗಿದೆ, ಸಾರ್” ಎಂದ. ಬ್ರೇಕು, ಟೈರು, ಬಡ್ಡಿ, ಕಂತು ಒಂದನ್ನೂ ವಿಚಾರಿಸಲಿಲ್ಲ. ನಾಲ್ಕು ತಿಂಗಳಲ್ಲಿ ಬಾಗಲೂರು ರಸ್ತೆಯ ತಿರುವಿನಲ್ಲಿ ವೇಗವಾಗಿ ಹೋಗಿ ಬಿದ್ದು ಕಾಲು ಮುರಿದುಕೊಂಡ. ಉಳಿದ ಕಂತುಗಳನ್ನು ಅವನ ತಂದೆ ಹೂವು ಮಾರಿ ಕಟ್ಟಿದರು. ತಿಂಗಳು ತಿಂಗಳು ಆ ರಸೀದಿ ಬರೆದವನು ನಾನೇ. ಅರ್ಜಿ ತೆಗೆದುಕೊಂಡ ದಿನ ಒಂದು ಬುದ್ಧಿಮಾತು ಹೇಳಬಹುದಾಗಿತ್ತು. ಹೇಳಲಿಲ್ಲ. ಆ ಮಾತನ್ನು ಇಂದು ನಿಮಗೆ ಹೇಳುತ್ತಿದ್ದೇನೆ.

ತಂದೆತಾಯಂದಿರೇ, ಮಗ ಗಾಡಿ ಕೇಳಿದರೆ ಗದರಬೇಡಿ. ಜೊತೆಯಲ್ಲಿ ಅಂಗಡಿಗೆ ಹೋಗಿ. ಹೆಸರು, ಬಣ್ಣ ಅವನು ನೋಡಲಿ. ಬ್ರೇಕು, ಕಂತು ನೀವು ನೋಡಿ. ಹೆಲ್ಮೆಟ್ಟನ್ನು ಅಂದೇ ಕೊಳ್ಳಿ. ಕೊಂಬಿಗೆ ಬಣ್ಣ ಬಳಿದರೆ ತಪ್ಪಿಲ್ಲ. ಆದರೆ ಸಂತೆಯಲ್ಲಿ ಎತ್ತು ಕೊಳ್ಳುವಾಗ ನಮ್ಮ ಹಿರಿಯರು ಬಣ್ಣ ನೋಡಲಿಲ್ಲ, ಹಲ್ಲು ನೋಡಿದರು.