ಪಂಪಿನ ಕಿಡಿ ಎಲ್ಲಿ ಹೋಯಿತು?



ಮಳೆ ಹಿಂದೆ ಸರಿಯಿತು. ಕುಡಚಡೆಯ ಸುತ್ತ ನೀರು ಸಿಗುವ ಗದ್ದೆಗಳಲ್ಲಿ ವಾಯಂಗಣ ಬೆಳೆಗೆ ಸಿದ್ಧತೆ ನಡೆಯುವ ಹೊತ್ತು. ಜೂನ್‌ನಿಂದ ಕೊಟ್ಟಿಗೆಯ ಮೂಲೆಯಲ್ಲಿ ಗೋಣಿ ಹೊದ್ದು ಕೂತಿದ್ದ ಹಳೆಯ ಪೆಟ್ರೋಲ್-ಸೀಮೆಎಣ್ಣೆ ಪಂಪನ್ನು ಹೊರಗೆ ತರುತ್ತೀರಿ. ಇಪ್ಪತ್ತು ಸಲ ಹಗ್ಗ ಎಳೆದರೂ ಎಂಜಿನ್ ಉಸಿರೆತ್ತುವುದಿಲ್ಲ. ಸಸಿಮಡಿ ಒಣಗುತ್ತಿದೆ. ಕಾಯಿಲ್ ಸುಟ್ಟಿದೆ ಎಂದು ಯಾರೋ ಹೇಳುತ್ತಾರೆ. ಹೊಸ ಕಾಯಿಲ್ ಎಂದರೆ ಹಲವು ದಿನದ ಕೂಲಿ. ದುಡ್ಡು ಬಿಚ್ಚುವ ಮೊದಲು ಪಾಯಿಂಟ್ ನೋಡಿ.

ಪ್ಲಗ್ ಬಿಚ್ಚಿ ಒರೆಸಿ, ವಯರು ಸಿಕ್ಕಿಸಿ, ಅದರ ಲೋಹದ ಮೈಯನ್ನು ಎಂಜಿನ್‌ಗೆ ತಾಗಿಸಿಟ್ಟು ಹಗ್ಗ ಎಳೆಯಿರಿ. ಪೆಟ್ರೋಲ್ ಕ್ಯಾನು ದೂರವಿರಲಿ. ಪ್ಲಗ್ ಕೂಡ ಅದರ ತೂತಿನ ಹತ್ತಿರ ಬೇಡ. ನೀಲಿ ಕಿಡಿ ಹಾರಿದರೆ ದೋಷ ಬೇರೆ ಕಡೆ. ಒಳ್ಳೆಯ ಪ್ಲಗ್ ಹಾಕಿದರೂ ಕಿಡಿ ಬಾರದಿದ್ದರೆ ಫ್ಲೈವೀಲ್ ಕಡೆಗೆ ಬನ್ನಿ.

ಅದರ ಕಿಂಡಿಯಲ್ಲಿ, ಕಿಂಡಿ ಇಲ್ಲದಿದ್ದರೆ ಫ್ಲೈವೀಲ್ ಬಿಚ್ಚಿದಾಗ, ಎರಡು ಪುಟ್ಟ ಟಂಗ್‌ಸ್ಟನ್ ಬಿಲ್ಲೆಗಳು ಕಾಣುತ್ತವೆ. ಅವು ಕೂಡಿದ್ದಾಗ ಕಾಯಿಲಿನಲ್ಲಿ ಕರೆಂಟು ಹರಿಯುತ್ತದೆ. ತಟ್ಟನೆ ತೆರೆದಾಗ ಪ್ಲಗ್‌ನಲ್ಲಿ ಕಿಡಿ. ಗೋವೆಯಲ್ಲಿ ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ. ನಾಲ್ಕು ತಿಂಗಳ ಆ ತೇವಕ್ಕೆ ಬಿಲ್ಲೆಗಳ ಮೇಲೆ ಬೂದು ಪೊರೆ ಕಟ್ಟುತ್ತದೆ. ಕಣ್ಣಿಗೆ ಕಾಣದಷ್ಟು ತೆಳುವಾಗಿದ್ದರೂ ಕರೆಂಟನ್ನು ತಡೆಯಲು ಅಷ್ಟೇ ಸಾಕು. ನುಣುಪು ಅರದಿಂದ ಒಂದೆರಡು ಸಲ ಉಜ್ಜಿ. ಪೆಟ್ರೋಲಿನಲ್ಲಿ ಅದ್ದಿದ ದಪ್ಪ ಕಾಗದವನ್ನು ನಡುವೆ ತೂರಿಸಿ ಎಳೆಯಿರಿ. ಪೂರ್ತಿ ಆರಿದ ಮೇಲೆಯೇ ಹಗ್ಗ ಮುಟ್ಟಿ. ಎಮರಿ ಕಾಗದ ಬೇಡ, ಅದರ ಹರಳು ಬಿಲ್ಲೆಯಲ್ಲಿ ನಾಟಿಕೊಂಡು ಹಳೆಯ ಕಾಯಿಲೆಯನ್ನೇ ಮತ್ತೆ ತರುತ್ತದೆ.

ಬಿಲ್ಲೆಗಳು ಪೂರ್ತಿ ತೆರೆದಿರುವಾಗ ಫೀಲರ್ ಗೇಜ್‌ನಿಂದ ಸಂದು ಅಳೆಯಿರಿ. ಸಣ್ಣ ಎಂಜಿನ್‌ಗಳಲ್ಲಿ ಸಾಮಾನ್ಯವಾಗಿ 0.3ರಿಂದ 0.5 ಮಿಲಿಮೀಟರ್, ನಿಮ್ಮ ಎಂಜಿನ್ನಿನ ಪುಸ್ತಕ ಹೇಳಿದ್ದೇ ಅಂತಿಮ. ಕ್ಯಾಮ್ ಮೇಲೆ ಉಜ್ಜುವ ಹಿಮ್ಮಡಿ ಸವೆದರೆ ಸಂದು ಕಿರಿದಾಗುತ್ತದೆ, ಕಿಡಿ ತಡವಾಗಿ ಬರುತ್ತದೆ. ಆಗ ಎಂಜಿನ್ ಓಡುತ್ತದೆ, ಆದರೆ ಸೊರಗಿ, ಬಿಸಿಯಾಗಿ. ಕ್ಯಾಮ್‌ಗೆ ಎಳ್ಳುಕಾಳಿನಷ್ಟು ಗ್ರೀಸ್ ಸವರಿ. ಹೆಚ್ಚಾದರೆ ಅದು ಬಿಲ್ಲೆಗೆ ಸಿಡಿಯುತ್ತದೆ. ಹಳೆಯ ಪಾಯಿಂಟಿನ ಸ್ಕೂಟರುಗಳಿಗೂ ಇದೇ ಮಾತು.

ಸ್ವಚ್ಛ ಮಾಡಿದ ನಾಲ್ಕೇ ದಿನಕ್ಕೆ ಒಂದು ಬಿಲ್ಲೆಯಲ್ಲಿ ಕುಳಿ, ಇನ್ನೊಂದರಲ್ಲಿ ದಿಬ್ಬ ಎದ್ದಿತೇ? ಓಡುವಾಗ ಪಾಯಿಂಟಿನಲ್ಲೇ ದೊಡ್ಡ ಕಿಡಿ ಹಾರುತ್ತಿದೆಯೇ? ಅನುಮಾನ ಕಂಡೆನ್ಸರ್ ಮೇಲೆ. ಪೇಟೆಗೆ ಹೋಗುವಾಗ ಹಳೆಯದನ್ನು ಕಿಸೆಯಲ್ಲಿಟ್ಟುಕೊಳ್ಳಿ. ಕನ್ನಡವಾಗಲಿ ಕೊಂಕಣಿಯಾಗಲಿ, ಅಂಗಡಿಯಲ್ಲಿ ಅದರ ಹೆಸರು ಕಂಡೆನ್ಸರೇ.