ಕೋದಾಡ ದಾಟಿದ್ರೆ ಬೇರೆ ರಾಜ್ಯ: ಒಂದು ಮಾರುಕಟ್ಟೆ ಎರಡಾದಾಗ ಸಣ್ಣ ಅಂಗಡಿಗೆ ಏನಾಯ್ತು?

ಭಾನುವಾರ ಮಧ್ಯಾಹ್ನದ ನಿದ್ದೆ ಬಿಟ್ಟು ಬಂದಿದ್ದೀರಿ, ಅದಕ್ಕೆ ಮೊದಲು ಥ್ಯಾಂಕ್ಸ್. ಗಚ್ಚಿಬೌಲಿಯಿಂದ ಕೂಕಟ್‌ಪಲ್ಲಿ ಟ್ರಾಫಿಕ್ ದಾಟ್ಕೊಂಡು ಬಂದವರಿಗೆ ಇನ್ನೊಂದು ಥ್ಯಾಂಕ್ಸ್.

ಹೋದ ಸಲ ಸೇರಿದಾಗ ಲಂಡನ್‌ನಿಂದ ವಾಪಸ್ ಬಂದಿರೋ ಗೆಳೆಯರೊಬ್ಬರು ಬ್ರೆಕ್ಸಿಟ್ ಕತೆ ಹೇಳಿದ್ರು. ಅವರ ಮನೆ ಹತ್ರದ ಸಣ್ಣ ಸಣ್ಣ ಕಂಪನಿಗಳು ಯುರೋಪಿಗೆ ಪಾರ್ಸೆಲ್ ಕಳಿಸೋದನ್ನೇ ನಿಲ್ಲಿಸಿದ್ದು, ಕಸ್ಟಮ್ಸ್ ಫಾರ್ಮ್‌ಗಳು, ಅದೆಲ್ಲ. ಕೊನೆಗೆ, "ಪುಣ್ಯ, ನಮ್ಮ ದೇಶದಲ್ಲಿ ಇಂಥದ್ದು ಆಗಿಲ್ಲ" ಅಂದ್ರು. ನಾನು ಸುಮ್ನಿರಬೇಕಿತ್ತು. "ಆಗಿದೆ ಸಾರ್, ಇದೇ ರಸ್ತೇಲಿ ಆಗಿದೆ" ಅಂದುಬಿಟ್ಟೆ. ಹಾಗಾದ್ರೆ ನೀವೇ ಮಾತಾಡಿ ಅಂದ್ರು. ಬಂದು ನಿಂತಿದ್ದೀನಿ.

ಒಂದು ಮಾತು ಮೊದಲೇ ಹೇಳ್ತೀನಿ. ತೆಲಂಗಾಣ ಬೇರೆ ರಾಜ್ಯ ಆಗಿದ್ದು ಸರಿಯೋ ತಪ್ಪೋ ಅನ್ನೋದು ಇವತ್ತಿನ ವಿಷಯ ಅಲ್ಲ. ಅದರ ಹಿಂದೆ ನೀರು, ಕೆಲಸ, ಮರ್ಯಾದೆ, ಎಷ್ಟೋ ವರ್ಷದ ನೋವು ಇದೆ. ತೆರಿಗೆ ಲೆಕ್ಕದಿಂದ ಅದನ್ನ ಅಳೆಯೋಕಾಗಲ್ಲ. ನಾನು ಹೇಳೋದು 2014ರ ಜೂನ್ 2ರಿಂದ 2017ರ ಜೂನ್ 30ರವರೆಗೆ, ಮೂರು ವರ್ಷ, ಬಿಲ್ ಬುಕ್ಕಿನ ಮೇಲೆ ಏನಾಯ್ತು ಅನ್ನೋದಷ್ಟೇ.

ಆಗ ನಾನು ಹಗಲು ಕಂಪನಿ ಕೆಲಸ, ಸಂಜೆ ಅಂಗಡಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡ್ಕೊಡ್ತಿದ್ದೆ. ಕೆಪಿಎಚ್‌ಬಿ, ಮೂಸಾಪೇಟ್, ಬಾಲಾನಗರ್ ಕಡೆ ಹತ್ತು ಹನ್ನೆರಡು ಗಿರಾಕಿಗಳು. ಅದರಲ್ಲಿ ಒಬ್ಬರು ಎಲೆಕ್ಟ್ರಿಕಲ್ ಸಾಮಾನಿನ ಹೋಲ್‌ಸೇಲ್ ವ್ಯಾಪಾರಿ. ಸ್ವಿಚ್ಚು, ಹೋಲ್ಡರ್ರು, ಫ್ಯಾನು. ಗುಂಟೂರಿನ ಕಡೆಯವರು, ಹೆಸರು ಬೇಡ, ನಾವೆಲ್ಲ "ಬಾಬಾಯ್" ಅಂತಿದ್ವಿ. ಅವರ ಮಾಲಿನಲ್ಲಿ ಅರ್ಧ ಇಲ್ಲೇ ಹೋಗ್ತಿತ್ತು, ಇನ್ನರ್ಧ ವಿಜಯವಾಡ, ಗುಂಟೂರು, ಜಗ್ಗಯ್ಯಪೇಟೆ. ರಾತ್ರಿ ಪಾರ್ಸೆಲ್ ಆಫೀಸಿಗೆ ಹಾಕಿದ್ರೆ ಬೆಳಗ್ಗೆ ಅಲ್ಲಿ ಅಂಗಡಿ ಬಾಗಿಲಲ್ಲಿ.

ಜೂನ್ 2ರ ಬೆಳಗ್ಗೆ ಅವರಿಂದ ಫೋನು. "ಬಾಬೂ, ತೆಲಂಗಾಣ ಲಿಸ್ಟಲ್ಲಿ ಇಲ್ಲ!" ನನ್ನ ಡ್ರಾಪ್‌ಡೌನ್‌ನಲ್ಲಿ ಆ ರಾಜ್ಯನೇ ಇರಲಿಲ್ಲ. ತಿಂಗಳುಗಟ್ಟಲೆ ಟಿವಿಯಲ್ಲಿ ಅದೇ ಸುದ್ದಿ ನೋಡ್ತಿದ್ದೆ, ಮಾಸ್ಟರ್ ಟೇಬಲ್‌ಗೆ ಒಂದು ಸಾಲು ಸೇರಿಸಬೇಕು ಅಂತ ಹೊಳೆದಿರಲಿಲ್ಲ. ಐದು ನಿಮಿಷದ ಕೆಲಸ, ಸೇರಿಸಿದೆ. ಆಯ್ತು ಅಂದ್ಕೊಂಡೆ.

ಆಗಿರಲಿಲ್ಲ. ಹಿಂದಿನ ದಿನದವರೆಗೆ ವಿಜಯವಾಡಕ್ಕೆ ಮಾಲು ಕಳಿಸಿದ್ರೆ ಅದು ರಾಜ್ಯದೊಳಗಿನ ಮಾರಾಟ. ಬಿಲ್ಲಿನ ಮೇಲೆ ಶೇ. 14.5 ವ್ಯಾಟ್. ವಿಜಯವಾಡದ ಅಂಗಡಿಯವನು ಅದನ್ನ ಇನ್‌ಪುಟ್ ಕ್ರೆಡಿಟ್ ಅಂತ ಹಿಡ್ಕೊಂಡು ತನ್ನ ತೆರಿಗೆಯಲ್ಲಿ ಕಳೆದುಕೊಳ್ತಿದ್ದ. ಅವನಿಗೆ ನಿಜವಾದ ಖರ್ಚು ಸೊನ್ನೆ. ಜೂನ್ 2ರಿಂದ ಅದು ಅಂತರರಾಜ್ಯ ಮಾರಾಟ, ಅಂದ್ರೆ ಕೇಂದ್ರೀಯ ಮಾರಾಟ ತೆರಿಗೆ, ಸಿಎಸ್‌ಟಿ. ಕೊಳ್ಳುವವನು ಫಾರಂ ಸಿ ಕೊಟ್ರೆ ಶೇ. 2. ಆ ಎರಡು ಪರ್ಸೆಂಟಿಗೆ ಕ್ರೆಡಿಟ್ ಇಲ್ಲ, ಅದು ಅವನ ಕೈಯಿಂದ ಹೋದ ದುಡ್ಡು. ಫಾರಂ ಸಿ ಕೊಡದಿದ್ರೆ ಪೂರಾ 14.5, ಅದಕ್ಕೂ ಕ್ರೆಡಿಟ್ ಇಲ್ಲ.

ಕೇಳೋಕೆ ಎರಡು ಪರ್ಸೆಂಟ್ ಅಷ್ಟೇ. ನಮಗೆ ಸಂಬಳದಲ್ಲಿ ಟಿಡಿಎಸ್ ಎಷ್ಟು ಹೋಗತ್ತೆ ಅಂತ ನೋಡ್ಕೊಂಡ್ರೆ ಇದು ಏನೂ ಅಲ್ಲ ಅನ್ಸತ್ತೆ. ಆದ್ರೆ ಹೋಲ್‌ಸೇಲ್‌ನಲ್ಲಿ ಬಾಬಾಯ್‌ಗೆ ಉಳಿಯೋದೇ ನಾಲ್ಕು ಪರ್ಸೆಂಟ್, ಕೆಲವು ಐಟಮ್‌ಗೆ ಮೂರು. ವಿಜಯವಾಡದವನು "ಎರಡು ನೀವೇ ಬಿಟ್ಟುಕೊಡಿ, ಇಲ್ಲಾಂದ್ರೆ ಇಲ್ಲೇ ತಗೋತೀನಿ" ಅಂದ್ರೆ ಅವರ ಲಾಭದ ಅರ್ಧ ಅಲ್ಲೇ ಹೋಯ್ತು.

ಎರಡು ಪರ್ಸೆಂಟಿಗಿಂತ ಕಷ್ಟ ಕೊಟ್ಟಿದ್ದು ಆ ಫಾರಂ ಸಿ ಅನ್ನೋ ಕಾಗದ. ಅದು ಮಾಲಿನ ಜೊತೆ ಬರಲ್ಲ. ಮೂರು ತಿಂಗಳ ವ್ಯವಹಾರಕ್ಕೆ ಒಂದು ಫಾರಂ. ಕೊಳ್ಳುವವನು ತನ್ನ ರಿಟರ್ನ್ ಹಾಕಿ, ತನ್ನ ರಾಜ್ಯದ ಇಲಾಖೆಯಿಂದ ತೆಗೆಸಿ, ನಮಗೆ ಕಳಿಸಬೇಕು. ಮಾರುವವನು ಇವತ್ತು ನಂಬಿಕೆ ಮೇಲೆ ಶೇ. 2 ಹಾಕಿ ಬಿಲ್ ಮಾಡ್ತಾನೆ, ಕಾಗದ ಆಮೇಲೆ. ಬರಲಿಲ್ವೋ, ವ್ಯತ್ಯಾಸದ ಶೇ. 12.5 ಮಾರಿದವನ ತಲೆ ಮೇಲೆ, ಬಡ್ಡಿ ಬೇರೆ. ಒಂದು ಲಕ್ಷದ ಬಿಲ್ಲಿಗೆ 12,500 ರೂಪಾಯಿ. ಆ ಬಿಲ್ಲಿನಲ್ಲಿ ಅವರು ದುಡಿದಿದ್ದು ನಾಲ್ಕು ಸಾವಿರ.

ಸಣ್ಣ ಅಂಗಡಿಯವನ ಸ್ಥಿತಿ ಇನ್ನೂ ಕಷ್ಟ. ಫಾರಂ ಸಿ ಸಿಗಬೇಕಾದ್ರೆ ಸಿಎಸ್‌ಟಿ ನೋಂದಣಿ ಇರಬೇಕು. ಜಗ್ಗಯ್ಯಪೇಟೆಯ ಒಂದು ಸ್ವಿಚ್ಚಿನ ಅಂಗಡಿಗೆ ಅದು ಎಲ್ಲಿಂದ ಬರಬೇಕು? ನಕ್ಷೆ ನೋಡಿ. ವಿಜಯವಾಡ ಹೈವೇಯಲ್ಲಿ ಕೋದಾಡ ತೆಲಂಗಾಣದ್ದು, ಅದಾದ ಮೇಲಿನ ದೊಡ್ಡ ಊರು ಜಗ್ಗಯ್ಯಪೇಟೆ, ಅದು ಆಂಧ್ರ. ಒಂದೇ ಹೈವೇ, ಒಂದೇ ಭಾಷೆ, ಎರಡೂ ಕಡೆ ನೆಂಟರು. ಕೋದಾಡದ ಅಂಗಡಿಗೆ ಬಾಬಾಯ್ ಮೊದಲಿನ ಹಾಗೇ ಮಾಲು ಕಳಿಸಬಹುದು, ಜಗ್ಗಯ್ಯಪೇಟೆಗೆ ಕಳಿಸಿದ್ರೆ ಬೇರೆ ದೇಶಕ್ಕೆ ಕಳಿಸಿದ ಲೆಕ್ಕ. ನಡುವೆ ಚೆಕ್‌ಪೋಸ್ಟ್. 2015ರ ಏಪ್ರಿಲ್ 1ರಿಂದ ತೆಲಂಗಾಣ ಸರ್ಕಾರ ಆಂಧ್ರದ ವಾಣಿಜ್ಯ ವಾಹನಗಳಿಗೆ ತೆರಿಗೆ ಹಾಕೋಕೆ ಶುರು ಮಾಡ್ತು, ಅದೇ ತಿಂಗಳ ಕೊನೆಗೆ ಆಂಧ್ರದವರೂ ಶುರು ಮಾಡಿದ್ರು. ನಮ್ಮ ಪಾರ್ಸೆಲ್ ಆಫೀಸಿನವನು ಅದನ್ನೇ ತೋರಿಸಿ ರೇಟು ಏರಿಸಿದ.

ಆ ದಿನಗಳಲ್ಲಿ ರಾಯಚೂರಿನಿಂದ ನಮ್ಮ ಸೋದರಮಾವ ಫೋನ್ ಮಾಡಿದ್ರು. ಗಂಜ್‌ನಲ್ಲಿ ಕಾಳಿನ ವ್ಯಾಪಾರ ಅವರದು. "ಏನೋ, ನಿಮ್ಮ ಆಂಧ್ರದವ್ರಿಗೂ ಫಾರಂ ಸಿ ಬಂತಂತಲ್ಲ? ನಮ್ಮಪ್ಪನ ಕಾಲದಿಂದ ನಾವು ತುಂಬಲಿಕತ್ತೀವಿ, ಅವ್ರು ಯಾಕ ಇಷ್ಟು ಅಳ್ತಾರ?" ಅಂತ ನಕ್ಕರು. ಅವರ ನಗುವಿನಲ್ಲಿ ಅರ್ಥ ಇತ್ತು. ರಾಯಚೂರು, ಕಲಬುರಗಿ, ಬೀದರ್ ಎಲ್ಲ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲೇ ಇದ್ದ ಊರುಗಳು. ಸಂಸ್ಥಾನಕ್ಕೆ ತನ್ನದೇ ನಾಣ್ಯ, ಹಾಲಿ ಸಿಕ್ಕಾ. ತನ್ನದೇ ಸುಂಕದ ಇಲಾಖೆ, ಕರೋಡಗಿರಿ. ಆಗ ರಾಯಚೂರಿನವರಿಗೆ ಹೈದರಾಬಾದ್ ಅಂದ್ರೆ ಒಳಗಿನ ಪೇಟೆ. 1956ರ ನವೆಂಬರ್ 1ಕ್ಕೆ ನಾವು ಮೈಸೂರು ರಾಜ್ಯಕ್ಕೆ ಬಂದ್ವಿ. 1957ರ ಜುಲೈನಿಂದ ಸಿಎಸ್‌ಟಿ ಬಂತು. ಕನ್ನಡ ನಾಡಿಗೆ ಸೇರಿದ್ದು ನಮಗೆ ಹಬ್ಬ, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಹೈದರಾಬಾದ್ ಪೇಟೆ ಗಡಿಯಾಚೆ ಹೋಯ್ತು ಅನ್ನೋದೂ ನಿಜ. ಮಾವನ ಅಂಗಡಿಗೆ ಅದನ್ನ ಕಲಿಯೋಕೆ ಎರಡು ತಲೆಮಾರು ಸಮಯ ಇತ್ತು. ಬಾಬಾಯ್‌ಗೆ ಒಂದು ರಾತ್ರಿ.

ಈಗ ನನ್ನ ತಪ್ಪಿನ ವಿಷಯ. ಇದನ್ನ ವಿಡಿಯೋದಲ್ಲಿ ಹೇಳ್ಬೇಕಾ ಅಂತ ಯೋಚನೆ ಮಾಡಿದೆ, ಹೇಳೇಬಿಡ್ತೀನಿ.

ಸಾಫ್ಟ್‌ವೇರ್ ಬದಲಾಯಿಸುವಾಗ, ಗಿರಾಕಿಯ ರಾಜ್ಯ ಆಂಧ್ರ ಅಂತ ಇದ್ರೆ ತೆರಿಗೆ ತಾನಾಗೇ ಶೇ. 2 ಬರೋ ಹಾಗೆ ಡೀಫಾಲ್ಟ್ ಇಟ್ಟೆ. ಬಿಲ್ ಬೇಗ ಆಗ್ಲಿ ಅಂತ. "ಫಾರಂ ಸಿ ಕೊಡೋ ಗಿರಾಕಿನಾ?" ಅಂತ ಒಂದು ಚೆಕ್‌ಬಾಕ್ಸ್ ಇಡಬೇಕಿತ್ತು, ಬಾಕಿ ಇರೋ ಫಾರಂಗಳ ಒಂದು ರಿಪೋರ್ಟ್ ಇರಬೇಕಿತ್ತು. ಎರಡನೇ ವರ್ಷನ್‌ನಲ್ಲಿ ಮಾಡೋಣ ಅಂದ್ಕೊಂಡೆ. ನಮಗೆಲ್ಲ ಗೊತ್ತಲ್ಲ, ಆ ಎರಡನೇ ವರ್ಷನ್ ಯಾವಾಗ ಬರತ್ತೆ ಅಂತ. ಅಂಗಡಿ ಹುಡುಗ ಕಂಪ್ಯೂಟರ್ ಹೇಳಿದ ರೇಟು ಹಾಕಿ ಬಿಲ್ ಮಾಡ್ತಾ ಹೋದ. 2016ರಲ್ಲಿ ಅಸೆಸ್‌ಮೆಂಟ್ ಬಂದಾಗ ಏಳು ಲಕ್ಷದ ಮಾರಾಟಕ್ಕೆ ಫಾರಂ ಇರಲಿಲ್ಲ. ವ್ಯತ್ಯಾಸ 87,500 ರೂಪಾಯಿ, ಮೇಲೆ ಬಡ್ಡಿ. ಕೆಲವು ಗಿರಾಕಿಗಳು ನೋಂದಣಿ ಇಲ್ಲದವರು, ಕೆಲವರು ಅಂಗಡಿ ಮುಚ್ಚಿದ್ರು, ಒಬ್ಬ ಫೋನೇ ಎತ್ತಲಿಲ್ಲ.

ಬಾಬಾಯ್ ನನ್ನ ಮೇಲೆ ಕೂಗಾಡಲಿಲ್ಲ. ಟೀ ತರಿಸಿದ್ರು. "ನೀನು ಹೇಳಿದ್ದನ್ನ ನಾನು ಓದಿ ನೋಡ್ಬೇಕಿತ್ತು ಬಾಬೂ" ಅಂದ್ರು. ಆ ವರ್ಷದ ಎಎಂಸಿ ದುಡ್ಡು ನಾನು ತಗೊಳ್ಳಲಿಲ್ಲ. ಅದು 6,000 ರೂಪಾಯಿ. 87,500ರ ಮುಂದೆ 6,000 ಯಾವ ಲೆಕ್ಕ, ನೀವೇ ಹೇಳಿ.

ಅದೇ ಹೊತ್ತಿಗೆ ದೊಡ್ಡ ಕಂಪನಿಗಳು ಏನು ಮಾಡಿದ್ವು? ವಿಜಯವಾಡದಲ್ಲಿ ಒಂದು ಡಿಪೋ ತೆರೆದ್ವು. ತನ್ನದೇ ಒಂದು ಬ್ರಾಂಚಿನಿಂದ ಇನ್ನೊಂದಕ್ಕೆ ಮಾಲು ಹೋದ್ರೆ ಅದು ಮಾರಾಟ ಅಲ್ಲ, ಫಾರಂ ಎಫ್ ಸಾಕು, ಸಿಎಸ್‌ಟಿ ಇಲ್ಲ. ಅಲ್ಲಿಂದ ಲೋಕಲ್ ಬಿಲ್, ಲೋಕಲ್ ವ್ಯಾಟ್, ಪೂರಾ ಕ್ರೆಡಿಟ್. ಒಂದು ಗೋಡೌನ್ ಬಾಡಿಗೆ, ಇಬ್ಬರು ಗುಮಾಸ್ತರು, ಒಬ್ಬ ಲೆಕ್ಕಪರಿಶೋಧಕ. ಕೋಟಿಗಟ್ಟಲೆ ಮಾರೋನಿಗೆ ಆ ಖರ್ಚು ಕಾಣೋದೇ ಇಲ್ಲ, ತಿಂಗಳಿಗೆ ಮೂರು ಲಕ್ಷ ಆ ಕಡೆ ಮಾರೋನಿಗೆ ಅದೇ ಲಾಭಕ್ಕಿಂತ ಜಾಸ್ತಿ. ಗಡಿಯ ಖರ್ಚು ಮಾಲಿನ ಜೊತೆ ಬೆಳೆಯಲ್ಲ, ಸಣ್ಣವನಿಗೂ ದೊಡ್ಡವನಿಗೂ ಹೆಚ್ಚುಕಮ್ಮಿ ಅಷ್ಟೇ ಇರತ್ತೆ. ನಾನು ಇವತ್ತು ಹೇಳೋಕೆ ಬಂದಿರೋದು ಮುಖ್ಯವಾಗಿ ಇದನ್ನೇ.

ಬ್ರಿಟನ್ನಿನಲ್ಲಿ ಆಗಿದ್ದೂ ಇದೇ. 2021ರ ಜನವರಿ 1ಕ್ಕೆ ಅವರು ಯುರೋಪಿನ ಒಂದೇ ಮಾರುಕಟ್ಟೆಯಿಂದ ಹೊರಗೆ ಬಂದಾಗ ಒಪ್ಪಂದದ ಪ್ರಕಾರ ಸುಂಕ ಸೊನ್ನೆ. ಪೇಪರ್‌ನಲ್ಲಿ ಸೊನ್ನೆ ಅಂತಲೇ ದೊಡ್ಡದಾಗಿ ಬಂತು. ಆದ್ರೆ ಚೆಷೈರ್‌ನ ಒಬ್ಬ ಚೀಸ್ ವ್ಯಾಪಾರಿ ಯುರೋಪಿನ ಮನೆಗಳಿಗೆ 25-30 ಪೌಂಡಿನ ಗಿಫ್ಟ್ ಬಾಕ್ಸ್ ಕಳಿಸ್ತಿದ್ದವನು, ಈಗ ಒಂದೊಂದು ಬಾಕ್ಸಿಗೂ ಪಶುವೈದ್ಯರ ಸಹಿ ಇರೋ ಆರೋಗ್ಯ ಪ್ರಮಾಣಪತ್ರ ತರಬೇಕು, ಅದಕ್ಕೆ 180 ಪೌಂಡು. ಲಾರಿ ತುಂಬ ಚೀಸ್ ಕಳಿಸೋ ಕಂಪನಿಗೆ ಆ 180 ಇಡೀ ಲೋಡಿಗೆ ಹಂಚಿಹೋಗತ್ತೆ. 2024ರ ಕೊನೆಗೆ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನ ಸಂಶೋಧಕರು ಲೆಕ್ಕ ಹಾಕಿದ್ರು: ಮೊದಲು ಯುರೋಪಿಗೆ ಮಾರ್ತಿದ್ದ ಕಂಪನಿಗಳಲ್ಲಿ ಸುಮಾರು 16,400, ಅಂದ್ರೆ ಶೇ. 14, ಮಾರೋದನ್ನೇ ನಿಲ್ಲಿಸಿದ್ವು. ಪೆಟ್ಟು ಬಿದ್ದಿದ್ದು ಸಣ್ಣವರಿಗೆ, ದೊಡ್ಡವರು ದಾರಿ ಹುಡುಕ್ಕೊಂಡ್ರು. ಅದನ್ನ ಓದಿದಾಗ ನನಗೆ ಬಾಬಾಯ್ ನೆನಪಾದ್ರು.

"ಹಾಗಾದ್ರೆ 2019ರಲ್ಲಿ ಭಾರತ ಆರ್‌ಸಿಇಪಿಯಿಂದ ಹೊರಗೆ ಬಂದಿದ್ದು ತಪ್ಪಾ?" ಅಂತ ಯಾರೋ ಕೇಳ್ತೀರಿ, ಮುಖದಲ್ಲೇ ಕಾಣ್ತಿದೆ. ನವೆಂಬರ್ 4, ಬ್ಯಾಂಕಾಕ್‌ನಲ್ಲಿ ನಾವು ಸೇರಲ್ಲ ಅಂದ್ವಿ. ನ್ಯೂಜಿಲೆಂಡಿನ ಹಾಲಿನ ಪುಡಿ ಬಂದ್ರೆ ನಮ್ಮ ಹಾಲಿನ ಡೈರಿಗೆ ಹಾಕೋ ರೈತರ ಗತಿ ಏನು ಅಂತ ಕರ್ನಾಟಕದಲ್ಲೂ ದೊಡ್ಡ ಗಲಾಟೆ ಆಗಿತ್ತು. ನನ್ನ ಅಭಿಪ್ರಾಯದಲ್ಲಿ ಆ ಭಯ ಸುಳ್ಳಲ್ಲ. ಎರಡು ಎಮ್ಮೆ ಇಟ್ಕೊಂಡವನು ಸಾವಿರ ಹಸುವಿನ ಫಾರ್ಮಿನ ಜೊತೆ ಸ್ಪರ್ಧೆ ಮಾಡೋಕಾಗಲ್ಲ. ಆದ್ರೆ ಅದು ಒಳಗೆ ಹೋಗದೇ ಉಳಿದ ಕತೆ. ಅಲ್ಲಿ ಇನ್ನೂ ಗಿರಾಕಿ ಇರಲಿಲ್ಲ, ಉದ್ರಿ ಲೆಕ್ಕ ಇರಲಿಲ್ಲ. ಮೂವತ್ತು ವರ್ಷ ಒಂದೇ ಪೇಟೆ ಅಂತ ನಂಬಿ ಸಾಲ ಕೊಟ್ಟು, ಗೋಡೌನ್ ಕಟ್ಟಿ, ಆಮೇಲೆ ನಡುವೆ ಗೆರೆ ಬೀಳೋದು ಬೇರೆ.

2017ರ ಜುಲೈ 1ಕ್ಕೆ ಜಿಎಸ್‌ಟಿ ಬಂತು. ಆ ಫಾರಂ ಸಿ ಕಾಟ ತೀರ್ತು, ಕೆಲವೇ ದಿನದಲ್ಲಿ ರಾಜ್ಯ ರಾಜ್ಯಗಳ ತೆರಿಗೆ ಚೆಕ್‌ಪೋಸ್ಟ್‌ಗಳು ಎದ್ದುಹೋದ್ವು. ವಿಜಯವಾಡಕ್ಕೆ ಕಳಿಸಿದ್ರೆ ಐಜಿಎಸ್‌ಟಿ, ಅದಕ್ಕೆ ಪೂರಾ ಕ್ರೆಡಿಟ್. ನಾನು ಖುಷಿಯಿಂದ ಬಾಬಾಯ್ ಹತ್ರ ಹೋದೆ. "ಈಗ ಮತ್ತೆ ಶುರು ಮಾಡಿ, ಗಡಿ ಹೋಯ್ತು" ಅಂದೆ. ಅವರು ಹಳೇ ಗಿರಾಕಿಗಳ ಪುಸ್ತಕ ತೆಗೆದು ಒಂದೊಂದೇ ಹೆಸರು ತೋರಿಸಿದ್ರು. ಇವನು ಡಿಪೋದಿಂದ ತಗೋತಾನೆ. ಇವನೂ ಅಷ್ಟೇ. ಇವನಿಗೆ ಅಲ್ಲಿ 45 ದಿನದ ಉದ್ರಿ ಸಿಗ್ತಿದೆ. ಇವನ ಮಗ ಈಗ ಆ ಕಂಪನಿಯ ಡೀಲರ್. ಮೂರು ವರ್ಷದಲ್ಲಿ ಆ ಪುಸ್ತಕದ ಅರ್ಧ ಹೆಸರು ಹೋಗಿತ್ತು, ಕಾನೂನು ಬದಲಾದ್ರೂ ಅವರು ವಾಪಸ್ ಬರಲಿಲ್ಲ. ಆ ಲೈನಿಗಂತಲೇ ಇಟ್ಕೊಂಡಿದ್ದ ಇಬ್ಬರು ಪ್ಯಾಕಿಂಗ್ ಹುಡುಗರನ್ನ ಅವರು ಆಗಲೇ ಬಿಟ್ಟಾಗಿತ್ತು.

ಗಡಿ ಪೂರ್ತಿ ಹೋಗಿಲ್ಲ ಅನ್ನೋದನ್ನೂ ಹೇಳ್ಬೇಕು, ಯಾಕಂದ್ರೆ ಇಲ್ಲಿ ಕೂತಿರೋ ಎಷ್ಟೋ ಮನೆಗಳಿಗೆ ಇದು ತಾಗತ್ತೆ. ನಿಮ್ಮ ಜಿಎಸ್‌ಟಿ ನಂಬರ್ ತೆಲಂಗಾಣದ್ದಾದ್ರೆ 36ರಿಂದ ಶುರು, ಆಂಧ್ರದ್ದು 37, ನಮ್ಮ ಕರ್ನಾಟಕದ್ದು 29. ತೆಲಂಗಾಣದಲ್ಲಿ ಸರಕು ಮಾರೋರು ವರ್ಷಕ್ಕೆ 20 ಲಕ್ಷ ದಾಟೋವರೆಗೆ ನೋಂದಣಿ ಮಾಡಿಸಬೇಕಿಲ್ಲ, ಕರ್ನಾಟಕದಲ್ಲಿ ಅದು 40 ಲಕ್ಷ. ಆದ್ರೆ ಆ ವಿನಾಯಿತಿ ರಾಜ್ಯದೊಳಗೆ ಮಾತ್ರ. ಗಡಿ ದಾಟಿಸಿ ಮಾರಿದ್ರೆ, ಕೆಲವು ಕರಕುಶಲ ವಸ್ತುಗಳನ್ನ ಬಿಟ್ಟು, ತೆರಿಗೆ ಇರೋ ಸರಕಿಗೆ ಮೊದಲ ರೂಪಾಯಿಯಿಂದಲೇ ನೋಂದಣಿ ಬೇಕು. ಸುಲಭದ ಕಾಂಪೊಸಿಷನ್ ಸ್ಕೀಮ್‌ನಲ್ಲಿ ಇರೋರು ಹೊರರಾಜ್ಯಕ್ಕೆ ಮಾರೋ ಹಾಗೇ ಇಲ್ಲ.

ನಮ್ಮ ಅಪಾರ್ಟ್‌ಮೆಂಟಿನಲ್ಲಿ ಧಾರವಾಡದ ಅಕ್ಕ ಒಬ್ಬರಿದ್ದಾರೆ. ಶೇಂಗಾ ಚಟ್ನಿಪುಡಿ, ಮಸಾಲೆ ಖಾರ ಮಾಡಿ ಮಾರ್ತಾರೆ. ಕೂಕಟ್‌ಪಲ್ಲಿಯಿಂದ ಮಿಯಾಪುರದವರೆಗೆ ಮನೆಮನೆಗೆ ಹೋಗತ್ತೆ. ಹೋದ ತಿಂಗಳು ಬಂದು, "ಬೆಂಗಳೂರಿನಿಂದ ನಲವತ್ತು ಆರ್ಡರ್ ಬಂದಾವ್ರೀ, ಕೊರಿಯರ್ ಹಾಕ್ಲೇನ್ರಿ?" ಅಂದ್ರು. ನಾನು ಮೇಲಿನದೆಲ್ಲ ವಿವರಿಸಿದೆ. ನೋಂದಣಿ ಮಾಡಿಸಬೇಕು, ರಿಟರ್ನ್ ಹಾಕ್ತಾ ಇರಬೇಕು, ಆಮೇಲೆ ಇಲ್ಲಿ ಪಕ್ಕದ ಮನೆಗೆ ಮಾರಿದ್ದಕ್ಕೂ ತೆರಿಗೆ ಲೆಕ್ಕ ಇಡಬೇಕು. ಅವರು ಸ್ವಲ್ಪ ಹೊತ್ತು ಸುಮ್ನಿದ್ದು, "ಎರಡು ನೂರು ರೂಪಾಯಿ ಚಟ್ನಿಪುಡಿಗೆ ಇಷ್ಟೆಲ್ಲಾ?" ಅಂತ ಕೇಳಿದ್ರು.

ಲೆಕ್ಕ ಹಾಕಿ ಹೇಳ್ತೀನಿ ಅಂದಿದ್ದೀನಿ, ಇನ್ನೂ ಹೇಳಿಲ್ಲ. ಈ ಸಲ ಬರೀ ರೇಟು ಹಾಕೋ ಡೀಫಾಲ್ಟ್ ಬೇಡ ಅಂತ, ತಿಂಗಳಿಗೆ ಎಷ್ಟು ಆರ್ಡರ್ ಬಂದ್ರೆ ಅವರಿಗೆ ಗಿಟ್ಟತ್ತೆ ಅನ್ನೋ ಒಂದು ಶೀಟ್ ಮಾಡ್ತಿದ್ದೀನಿ. ನಿಮ್ಮಲ್ಲಿ ಯಾರಾದ್ರೂ ಲೆಕ್ಕಪರಿಶೋಧಕರು ಇದ್ರೆ ಆ ಶೀಟ್ ಒಂದ್ಸಲ ನೋಡ್ಕೊಡಿ. ಪ್ರಶ್ನೆ ಇದ್ರೆ ಕೇಳಿ, ಮೈಕ್ ಆ ಕಡೆ ಕೊಡ್ತೀನಿ.