ಗುಂಪಿಗೆ ಸೇರದ ಸವಾರರು ಮತ್ತು ನಮ್ಮ ಘಟ್ಟದ ದಾರಿ

(ಬೆಳ್ತಂಗಡಿ ತಾಲೂಕಿನ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳ ಮುಂದೆ ಧರ್ಮಸ್ಥಳದಲ್ಲಿ ಮಾಡಿದ ಭಾಷಣದ ಬರಹರೂಪ)



ಕಾಡು, ಹೊಳೆಗಳ ವಿಷಯ ಮಾತನಾಡಬೇಕಾದ ಸಭೆಯಲ್ಲಿ ಮೋಟಾರ್ ಸೈಕಲಿನ ಮಾತೆತ್ತುವುದು ಕೆಲವರಿಗೆ ವಿಚಿತ್ರವೆನಿಸಬಹುದು. ಆದರೆ ರಜಾದಿನಗಳಂದು ಉಜಿರೆಯಿಂದ ಕೊಟ್ಟಿಗೆಹಾರದವರೆಗಿನ ರಸ್ತೆಯ ಬದಿಯಲ್ಲಿ ವಾಸಿಸುವವರಿಗೆ ಇದು ವಿಚಿತ್ರವಾಗಿ ತೋರದು. ಹತ್ತಾರು ಬೈಕುಗಳು ಸಾಲುಗಟ್ಟಿ ಘಟ್ಟ ಹತ್ತುವುದನ್ನು ಕಂಡು 'ಬೈಕಿನವರೆಲ್ಲ ಹೀಗೆಯೇ' ಎಂದು ನಾವು ತೀರ್ಮಾನಿಸಿಬಿಡುತ್ತೇವೆ. ಆ ಸಾಲಿನಲ್ಲಿ ಇಲ್ಲದವರ ಕುರಿತು ಇಂದು ನಾಲ್ಕು ಮಾತು ಹೇಳಬಯಸುತ್ತೇನೆ. ಬೈಕನ್ನು ಪ್ರೀತಿಸಿಯೂ ದೊಡ್ಡ ರ‍್ಯಾಲಿಗಳಿಂದ ದೂರ ಉಳಿಯುವ ಸವಾರರು ಬಹಳ ಮಂದಿ ಇದ್ದಾರೆ. ಅವರು ಏಕೆ ದೂರ ಉಳಿಯುತ್ತಾರೆ ಎಂಬುದನ್ನು ಅರಿತರೆ ನಮ್ಮ ಘಟ್ಟದ ಸಮಸ್ಯೆಯೂ ಹೆಚ್ಚು ಸ್ಪಷ್ಟವಾಗುತ್ತದೆ.

ಕರ್ನಾಟಕಕ್ಕೆ ಬೈಕಿನ ಪ್ರೀತಿ ಹೊಸತಲ್ಲ. 1961ರಿಂದ 1996ರವರೆಗೆ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಜಾವಾ, ಯೆಜ್ಡಿ ಗಾಡಿಗಳು ಹೊರಬಂದವು. ಕಾರ್ಖಾನೆ ಮುಚ್ಚಿದ ಬಳಿಕವೂ ಹಳೆಯ ಗಾಡಿಗಳನ್ನು ಜೋಪಾನ ಮಾಡಿದವರು ಒಂದೆಡೆ ಸೇರುವ ಪದ್ಧತಿ ಬೆಳೆಯಿತು. ಬಿಡಿಭಾಗ ಎಲ್ಲಿ ಸಿಕ್ಕೀತು, ಯಾವ ಮೆಕ್ಯಾನಿಕ್ ಕೈ ಪಳಗಿದವನು ಎಂಬ ತಿಳಿವಳಿಕೆ ಇಂತಹ ಕೂಟಗಳಲ್ಲಿ ಹಂಚಿಕೆಯಾಗುತ್ತದೆ. ಹೊಸ ಸವಾರನಿಗೆ ಅನುಭವಿಗಳ ಪರಿಚಯವಾಗುತ್ತದೆ. ಆದುದರಿಂದ ಕೂಟವೆಂಬುದೇ ಕೆಟ್ಟದ್ದೆಂದು ಯಾರೂ ಭಾವಿಸಬೇಕಾಗಿಲ್ಲ.

ಆದರೆ ಕೂಟ ದೊಡ್ಡದಾದಂತೆ ಅದರ ಗುಣ ಬದಲಾಗುತ್ತದೆ. ಅಮೆರಿಕದ ದಕ್ಷಿಣ ಡಕೋಟಾ ರಾಜ್ಯದ ಸ್ಟರ್ಜಿಸ್ ಎಂಬ ಪುಟ್ಟ ಪಟ್ಟಣದಲ್ಲಿ 1938ರಲ್ಲಿ ಬೈಕ್ ರ‍್ಯಾಲಿ ಸಣ್ಣ ಪ್ರಮಾಣದಲ್ಲಿ ಆರಂಭವಾಯಿತು. ಅದರ 75ನೇ ಆವೃತ್ತಿ ನಡೆದ 2015ರಲ್ಲಿ ಏಳು ಲಕ್ಷಕ್ಕೂ ಅಧಿಕ ಮಂದಿ ಸೇರಿದರು. ಆ ಊರಿನ ಜನಸಂಖ್ಯೆ ಏಳು ಸಾವಿರದಷ್ಟು. ನಮ್ಮ ದೇಶದಲ್ಲಿ ಗೋವೆಯ ರೈಡರ್ ಮೇನಿಯಾ, 2013ರಲ್ಲಿ ಅಲ್ಲಿಯೇ ಆರಂಭವಾದ ಇಂಡಿಯಾ ಬೈಕ್ ವೀಕ್ ಮುಂತಾದವು ದೊಡ್ಡ ಮೇಳಗಳಾಗಿ ಬೆಳೆದಿವೆ. ಸಂಗೀತ, ಮಳಿಗೆ, ಹೊಸ ಮಾದರಿಗಳ ಪ್ರದರ್ಶನ ಎಲ್ಲವೂ ಅಲ್ಲಿರುತ್ತವೆ. ಅದನ್ನು ಬಯಸುವವರು ಹೋಗಲಿ. ಆದರೆ ರಸ್ತೆಯ ಮೇಲಿನ ಪ್ರೀತಿಯಿಂದ ಬೈಕ್ ಏರಿದವನಿಗೆ ಅಲ್ಲಿ ದೊರೆಯುವುದು ವಾಹನ ನಿಲುಗಡೆಯ ಮೈದಾನ, ಸರತಿಯ ಸಾಲು ಮತ್ತು ಮಾರಾಟದ ಗದ್ದಲ. ಹೋಗದಿರುವವರು ಮೊದಲು ಹೇಳುವ ಕಾರಣ ಇದೇ.

ಎರಡನೆಯ ಕಾರಣ ಸುರಕ್ಷತೆ. ಒಬ್ಬನೇ ಸಾಗುವ ಸವಾರ ತಿರುವನ್ನು ನೋಡಿ ತನ್ನ ವೇಗವನ್ನು ತಾನೇ ನಿರ್ಧರಿಸುತ್ತಾನೆ. ಗುಂಪಿನಲ್ಲಿರುವವನು ಮುಂದಿನವನ ಹಿಂದೀಪವನ್ನು ನೋಡುತ್ತ ಸಾಗುತ್ತಾನೆ. ಸಾಲಿನ ಮೊದಲಿಗ ತಿರುವಿನಲ್ಲಿ ನಿಧಾನಿಸಿ, ದಾಟಿದೊಡನೆ ವೇಗ ಹೆಚ್ಚಿಸಿದರೆ ನಡುವಣ ಅಂತರ ಹಿಗ್ಗುತ್ತದೆ. ಅದನ್ನು ತುಂಬಲು ಹಿಂದಿನವರು ಇನ್ನಷ್ಟು ವೇಗವಾಗಿ ಬರಬೇಕಾಗುತ್ತದೆ. ಸಾಲು ಉದ್ದವಾದಷ್ಟೂ ಕೊನೆಯವನ ಮೇಲಿನ ಒತ್ತಡ ಹೆಚ್ಚು. ಸಾಮಾನ್ಯವಾಗಿ ಹಿಂದುಳಿಯುವವನು ಹೊಸಬ. ಎಲ್ಲರಿಗಿಂತ ಕಡಿಮೆ ಅನುಭವವುಳ್ಳವನೇ ಎಲ್ಲರಿಗಿಂತ ಹೆಚ್ಚು ಧಾವಂತಪಡಬೇಕಾದ ವ್ಯವಸ್ಥೆ ಅದು. ಬಯಲುಸೀಮೆಯ ನೇರ ರಸ್ತೆಯಲ್ಲಿ ಇದು ಸಹ್ಯವಾಗಬಹುದು. ಒಂದು ಕಡೆ ಬಂಡೆ, ಇನ್ನೊಂದು ಕಡೆ ಕಂದಕವಿರುವ ಚಾರ್ಮಾಡಿಯ ಹೇರ್‌ಪಿನ್ ತಿರುವುಗಳಲ್ಲಿ, ಮಂಜು ಕವಿದ ವೇಳೆ, ಇದು ಪ್ರಾಣಾಪಾಯ.

ಮೂರನೆಯ ಕಾರಣ ಸದ್ದು. ವಿಜ್ಞಾನದ ವಿದ್ಯಾರ್ಥಿಗಳು ಇದನ್ನು ಲೆಕ್ಕ ಹಾಕಿ ನೋಡಬಹುದು. ಒಂದೇ ಬಗೆಯ ಹತ್ತು ಬೈಕುಗಳು ಒಟ್ಟಿಗೆ ಸದ್ದು ಮಾಡಿದರೆ ಒಂದು ಬೈಕಿನ ಸದ್ದಿಗಿಂತ 10 ಡೆಸಿಬಲ್ ಹೆಚ್ಚುತ್ತದೆ. ಅಂದರೆ ನಮ್ಮ ಕಿವಿಗೆ ಸುಮಾರು ಇಮ್ಮಡಿಯಾಗಿ ಕೇಳಿಸುತ್ತದೆ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳಂತೆ ವಸತಿ ಪ್ರದೇಶದ ಮಿತಿ ಹಗಲಿನಲ್ಲಿ 55, ರಾತ್ರಿಯಲ್ಲಿ 45 ಡೆಸಿಬಲ್. ಆಸ್ಪತ್ರೆ, ಶಾಲೆಗಳ ಸುತ್ತಲಿನ ನಿಶ್ಶಬ್ದ ವಲಯದಲ್ಲಿ ಅದು ಕ್ರಮವಾಗಿ 50 ಮತ್ತು 40. ಕಾರ್ಖಾನೆಯಿಂದ ಬಂದ ಸೈಲೆನ್ಸರ್ ತೆಗೆದು ಬೇರೊಂದನ್ನು ಜೋಡಿಸಿದ ಒಂದೇ ಬೈಕು ಇಡೀ ಗ್ರಾಮವನ್ನು ಎಬ್ಬಿಸಬಲ್ಲದು. ತಯಾರಕರ ಮೂಲ ವಿನ್ಯಾಸಕ್ಕೆ ವ್ಯತಿರಿಕ್ತವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲವೆಂದು ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ತೀರ್ಪಿತ್ತಿದೆ. ಆದರೂ ಗುಂಪು ಕೂಡಿದಾಗ 'ನನ್ನದು ನಿನ್ನದಕ್ಕಿಂತ ಜೋರು' ಎಂಬ ಪೈಪೋಟಿ ಹುಟ್ಟಿಕೊಳ್ಳುತ್ತದೆ. ಸದ್ದನ್ನು ಸಹಿಸಲಾರದೆ ರ‍್ಯಾಲಿ ಬಿಟ್ಟ ಸವಾರರು ನಮಗೆ ಹೊರಗಿನವರಲ್ಲ. ಮನೆಯಂಗಳದಲ್ಲಿ ನಿಂತು ನಾವು ಆಡುವ ದೂರನ್ನೇ ಅವರು ಬೈಕಿನ ಮೇಲೆ ಕುಳಿತು ಆಡುತ್ತಿದ್ದಾರೆ.

ನಾಲ್ಕನೆಯ ಕಾರಣವನ್ನು ಹೇಳಲು ಒಂದು ಉದಾಹರಣೆ ಸಾಕು. ಘಟ್ಟದ ಮೇಲಿನ ಮೂಡಿಗೆರೆಯಲ್ಲಿ ನೆಲೆಸಿದ್ದ ಪೂರ್ಣಚಂದ್ರ ತೇಜಸ್ವಿಯವರು (1938–2007) ಸ್ಕೂಟರ್ ಏರಿ ಓಡಾಡುತ್ತಿದ್ದುದು ಆ ಸೀಮೆಯವರಿಗೆ ಪರಿಚಿತ ನೋಟ. ಹಕ್ಕಿ ನೋಡುವುದು, ಫೋಟೋ ತೆಗೆಯುವುದು, ಮೀನು ಹಿಡಿಯುವುದು ಅವರ ಹವ್ಯಾಸಗಳು. ಇಂತಹ ಕೆಲಸಗಳಿಗೆ ಬೇಕಾದಲ್ಲಿ ನಿಲ್ಲುವ ಸ್ವಾತಂತ್ರ್ಯ ಬೇಕು. ಐವತ್ತು ಮಂದಿಯ ಸಾಲಿನಲ್ಲಿ ಇರುವವನು ಮಂಗಟ್ಟೆ ಕೂಗಿತೆಂದು ನಿಲ್ಲಲಾರ. ಕೂಗಿದ್ದು ಅವನಿಗೆ ಕೇಳಿಸುವುದೂ ಇಲ್ಲ. ಒಬ್ಬಿಬ್ಬರಾಗಿ ಬರುವವರು ಕಕ್ಕಿಂಜೆಯಲ್ಲೋ ಕೊಟ್ಟಿಗೆಹಾರದಲ್ಲೋ ಚಹಾ ಕುಡಿಯಲು ನಿಲ್ಲುತ್ತಾರೆ, ದಾರಿ ಕೇಳುತ್ತಾರೆ, ಮಳೆ ಹೇಗಿದೆ ಎಂದು ವಿಚಾರಿಸುತ್ತಾರೆ. ಊರಿನ ಪರಿಚಯವಾಗುವುದು ಹೀಗೆ.

ಮಿತ್ರರೇ, ಈಗ ನಮ್ಮ ಘಟ್ಟದ ಕಡೆಗೆ ಬರೋಣ. ಚಾರ್ಮಾಡಿಯ ಕಾಡು ಉತ್ತರದ ಕುದುರೆಮುಖದ ಕಾಡುಗಳಿಗೂ ದಕ್ಷಿಣದ ಶಿಶಿಲ, ಬಿಸಿಲೆಯ ಕಾಡುಗಳಿಗೂ ನಡುವಣ ಕೊಂಡಿ. ರಾಷ್ಟ್ರೀಯ ಹೆದ್ದಾರಿ 73 ಅದನ್ನು ಸೀಳಿಕೊಂಡು ಹೋಗುತ್ತದೆ. 2019ರ ಆಗಸ್ಟಿನ ಮಳೆಗೆ ಇಲ್ಲಿ ಹಲವೆಡೆ ಗುಡ್ಡ ಜರಿದು ಸಂಚಾರ ನಿಂತುದನ್ನೂ ಮೃತ್ಯುಂಜಯ ಹೊಳೆ ಉಕ್ಕಿ ತೋಟಗಳ ಮೇಲೆ ಹರಿದುದನ್ನೂ ನೀವು ಮರೆತಿರಲಾರಿರಿ. ಮೂಡಿಗೆರೆ ಕಡೆಯ ರೋಗಿಗಳನ್ನು ಮಂಗಳೂರಿನ ಆಸ್ಪತ್ರೆಗಳಿಗೆ ಕರೆತರುವ ಆಂಬುಲೆನ್ಸ್‌ಗಳು ಇಳಿಯುವುದೂ ಇದೇ ದಾರಿಯಲ್ಲಿ. ಜಲಪಾತದ ಮುಂದೆ ಫೋಟೋಕ್ಕೆಂದು ತಿರುವಿನಲ್ಲಿ ನಿಲ್ಲಿಸಿದ ಇಪ್ಪತ್ತು ಬೈಕುಗಳು ಆ ರೋಗಿಯ ಪಾಲಿಗೆ ಏನಾಗಬಹುದೆಂದು ಯೋಚಿಸಿ. ಅಗಲ ಕಿರಿದಾದ ರಸ್ತೆಯಲ್ಲಿ ಕಳೆದುಹೋದ ಹತ್ತು ನಿಮಿಷ ಮರಳಿ ಬಾರದು.

'ಹಾಗಾದರೆ ಧರ್ಮಸ್ಥಳಕ್ಕೆ ಲಕ್ಷಾಂತರ ಜನ ಬರುವುದಿಲ್ಲವೇ?' ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಕಾರ್ತಿಕದ ಲಕ್ಷದೀಪೋತ್ಸವಕ್ಕೆ ಜನಸಾಗರ ಸೇರುತ್ತದೆ. ಶಿವರಾತ್ರಿಯ ಸಮಯದಲ್ಲಿ ಸಾವಿರಾರು ಪಾದಯಾತ್ರಿಗಳು ಇದೇ ಘಟ್ಟವನ್ನು ಇಳಿದು ಬರುತ್ತಾರೆ. ಆದರೆ ಕ್ಷೇತ್ರವು ಜನರನ್ನು ಬರಮಾಡಿಕೊಳ್ಳುವುದಕ್ಕೆಂದೇ ಸಿದ್ಧವಾಗಿರುವ ಸ್ಥಳ. ಇಲ್ಲಿ ಅನ್ನಛತ್ರವಿದೆ, ವಸತಿಗೃಹಗಳಿವೆ, ಸ್ನಾನಘಟ್ಟವಿದೆ, ಗುಡಿಸಿ ತೊಳೆಯುವ ಸಿಬ್ಬಂದಿ ಇದ್ದಾರೆ. ಘಟ್ಟದಲ್ಲಿ ಇವಾವುವೂ ಇಲ್ಲ, ಇರಬಾರದು ಕೂಡ. ನೆರೆಯುವ ಸ್ಥಳ ಬೇರೆ, ದಾಟುವ ಸ್ಥಳ ಬೇರೆ. ದಾಟುವ ಸ್ಥಳವನ್ನು ನೆರೆಯುವ ಸ್ಥಳವಾಗಿ ಮಾಡಿಕೊಂಡಾಗ ತೊಂದರೆ ಆರಂಭವಾಗುತ್ತದೆ. ನಡೆದು ಬರುವವರಿಗೂ ಈ ಮಾತು ಅನ್ವಯಿಸುತ್ತದೆ. ನೀರಿನ ಬಾಟಲಿಯನ್ನು ಕಾಡಿಗೆ ಎಸೆದವನು ನಡೆದು ಬಂದನೋ ಬೈಕಿನಲ್ಲಿ ಬಂದನೋ ಎಂದು ಕಾಡು ಭೇದವೆಣಿಸದು.

ಮಿತಿ ಎಂಬ ಮಾತು ಈಗ ನಮ್ಮ ಬೆಟ್ಟಗಳಿಗೆ ಹೊಸದಾಗಿ ಉಳಿದಿಲ್ಲ. 2024ರ ಜನವರಿಯಲ್ಲಿ ಕುಮಾರಪರ್ವತದ ದಾರಿಯಲ್ಲಿ ಚಾರಣಿಗರು ಜಾತ್ರೆಯಂತೆ ನೆರೆದ ಬಳಿಕ ಅರಣ್ಯ ಇಲಾಖೆ ಚಾರಣವನ್ನು ನಿಲ್ಲಿಸಿ, ಮುಂದೆ ಮುಂಗಡ ನೋಂದಣಿಯ ಪದ್ಧತಿಯನ್ನು ತಂದಿತು. ಬಂಡೀಪುರದ ಕಾಡಿನ ಹೆದ್ದಾರಿಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಗಿನ 6ರವರೆಗೆ ಸಾಮಾನ್ಯ ವಾಹನ ಸಂಚಾರಕ್ಕೆ ನಿರ್ಬಂಧವಿದೆ. ಒಂದು ಸ್ಥಳ ಎಷ್ಟನ್ನು ತಾಳಬಲ್ಲದು ಎಂಬ ಪ್ರಶ್ನೆಯನ್ನು ಸರಕಾರವೂ ನ್ಯಾಯಾಲಯವೂ ಒಪ್ಪಿಕೊಂಡಿವೆ ಎಂಬುದಕ್ಕೆ ಇವು ನಿದರ್ಶನ. ರ‍್ಯಾಲಿಗೆ ಹೋಗದ ಸವಾರನು ಇದೇ ಮಿತಿಯನ್ನು ಯಾರೂ ಹೇಳದೆಯೇ ತನಗೆ ತಾನೇ ಹಾಕಿಕೊಂಡಿದ್ದಾನೆ.

ಪರಿಸರ ಜಾಗೃತಿಗೆಂದು ಬೈಕ್ ರ‍್ಯಾಲಿ ನಡೆಸುವ ಪದ್ಧತಿಯೂ ನಾಡಿನಲ್ಲಿದೆ. ಉದ್ದೇಶ ಒಳ್ಳೆಯದೇ. ಆದರೆ ಕಾಡಿನ ಪರವಾದ ಘೋಷಣೆಯನ್ನು ಎಂಜಿನ್ನುಗಳ ಸದ್ದಿನ ನಡುವೆ ಯಾರು ಕೇಳಿಸಿಕೊಳ್ಳಬೇಕು? 1987ರ ನವೆಂಬರಿನಲ್ಲಿ ಕನ್ಯಾಕುಮಾರಿಯಿಂದ ಒಂದು ತಂಡ, ಉತ್ತರದ ನವಾಪುರದಿಂದ ಇನ್ನೊಂದು ತಂಡ ಹೊರಟು, 1988ರ ಫೆಬ್ರವರಿಯಲ್ಲಿ ಗೋವೆಯಲ್ಲಿ ಸೇರಿದವು. ಪಶ್ಚಿಮ ಘಟ್ಟ ಉಳಿಸಿ ಎಂಬ ಆ ಜಾಥಾ ಸಾಗಿದ್ದು ಕಾಲ್ನಡಿಗೆಯಲ್ಲಿ. ಹಳ್ಳಿಹಳ್ಳಿಯಲ್ಲಿ ನಿಂತು, ಜನರ ಮಾತು ಕೇಳಿ, ಮುಂದೆ ನಡೆದರು. ಇಂದಿಗೂ ನಾವು ಅದನ್ನು ನೆನೆಯುವುದು ಈ ಕಾರಣದಿಂದ.

ಕೊನೆಯದಾಗಿ, ನಮ್ಮಿಂದ ಆಗಬಹುದಾದ ಕೆಲಸಗಳು. ಘಟ್ಟದ ರಸ್ತೆಯಲ್ಲಿ ದೊಡ್ಡ ರ‍್ಯಾಲಿಗೆ ಅನುಮತಿ ಕೇಳಿದವರಿಗೆ ಬಯಲಿನ ಮೈದಾನವನ್ನು ತೋರಿಸುವಂತೆ ಗ್ರಾಮಸಭೆಗಳು ನಿರ್ಣಯಿಸಿ ಜಿಲ್ಲಾಡಳಿತಕ್ಕೆ ಕಳುಹಿಸಲಿ. ಬರುವವರು ನಾಲ್ಕೈದು ಮಂದಿಯ ಚಿಕ್ಕ ತಂಡಗಳಾಗಿ, ನಡುವೆ ಸಾಕಷ್ಟು ಅಂತರವಿಟ್ಟು, ಹಗಲಿನಲ್ಲಿ ದಾಟಲಿ. ಕೊಟ್ಟಿಗೆಹಾರದಲ್ಲಿ ಅಥವಾ ಉಜಿರೆಯಲ್ಲಿ ನಿಲ್ಲಲಿ, ತಿರುವುಗಳಲ್ಲಿ ಬೇಡ. ಇಳಿಜಾರಿನಲ್ಲಿ ಕೆಳಗಿನ ಗೇರಿನಲ್ಲಿ ಇಳಿಯುವುದನ್ನು, ಮೂಲ ಸೈಲೆನ್ಸರನ್ನೇ ಉಳಿಸಿಕೊಳ್ಳುವುದನ್ನು ನಮ್ಮ ಯುವಕರು ತಾವೇ ಮೊದಲು ಪಾಲಿಸಲಿ.

ವಿದ್ಯಾರ್ಥಿಗಳಿಗೆ ಒಂದು ಮಾತು. ಬೈಕ್ ಕೊಳ್ಳಬೇಡಿರೆಂದು ನಾನು ಹೇಳುವುದಿಲ್ಲ. ಬಸ್ಸು ಬಾರದ ಊರುಗಳಲ್ಲಿ ಅದು ಎಷ್ಟು ಅಗತ್ಯವೆಂದು ನನಗೆ ಗೊತ್ತಿದೆ. ಗೆಳೆಯರೆಲ್ಲ ಹೊರಟಾಗ 'ನಾನು ಬರುವುದಿಲ್ಲ' ಎನ್ನುವವನನ್ನು ಅಂಜುಬುರುಕನೆಂದು ಹಾಸ್ಯ ಮಾಡಬೇಡಿ. ಅವನು ಕೊಟ್ಟ ಕಾರಣವನ್ನು ಕೇಳಿ. ಘಟ್ಟವನ್ನು ಸರಿಯಾಗಿ ಕಂಡವನು ಅವನೇ ಆಗಿರಬಹುದು.